ವೈನಿ ಹೊಲಿದ ರಾಣಿ ಗೌನು

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಚಿಕ್ಕೋಡಿಯಲ್ಲಿ ಇನ್ನೂ ನಾಲ್ಕು ಜನ "ಅಯ್ಯ, ಅವರೇನ್ರಿ, ಎಂಥಾ ಕೈ ಅವರದು!" ಎಂದು ಶುರು ಮಾಡುತ್ತಾರೆ. ಆ ಹೊಗಳಿಕೆಯನ್ನು ಅವರು ಬದುಕಿದ್ದಾಗಲೂ ಕೇಳಿದ್ದೇನೆ, ಹೋದ ಮೇಲೂ ಕೇಳಿದ್ದೇನೆ. ನಾನೇ ಕರೆದು ಕೂರಿಸಿ ಮತ್ತೊಮ್ಮೆ ಕೇಳುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಊರೆಲ್ಲ ಅವರನ್ನು ವಕೀಲರ ವೈನಿ, ಎಂದರೆ ಅತ್ತಿಗೆ, ಎನ್ನುತ್ತಿತ್ತು. ನಾನೂ ವೈನಿ ಎಂದೇ ಕರೆಯುತ್ತಿದ್ದೆ. ಇಲ್ಲಿಗೂ ಅದೇ ಸಾಕು.

ನಾನು ಹೊಲಿಗೆ ಕಲಿಸುವವಳು. ಬೆಳಗಾವಿಯಲ್ಲಿ ಕಲಿತು, ಪರೀಕ್ಷೆ ಪಾಸಾಗಿ, ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದವಳು. ಕೋರ್ಟಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ನನ್ನ ಕ್ಲಾಸು. ಮದುವೆ ಗೊತ್ತಾದ ಹುಡುಗಿಯರು, ಮದುವೆ ಗೊತ್ತಾಗದ ಹುಡುಗಿಯರು, ಎಲ್ಲರೂ ಅಲ್ಲಿ ಕೂತು ಕಾಗದದ ಮೇಲೆ ಜಂಪರು ಕತ್ತರಿಸುವುದನ್ನು ಕಲಿಯುತ್ತಿದ್ದರು. ನನ್ನನ್ನು ಎಲ್ಲರೂ ಅಕ್ಕೋರು ಎನ್ನುತ್ತಿದ್ದರು. ಈ ಓಣಿಯಲ್ಲಿ ಹೊಲಿಗೆ ಎಂದರೆ ನಾನು ಎಂದು ಗಟ್ಟಿಯಾಗಿ ನಂಬಿಕೊಂಡಿದ್ದೆ. ಆಗ ಗೋಡೆಯಾಚೆಯ ಮನೆಗೆ ವಕೀಲರು ಸಂಸಾರ ಸಮೇತ ಬಂದರು.

ವೈನಿಯ ತವರು ನಿಪ್ಪಾಣಿ. ತಂಬಾಕಿನ ವ್ಯಾಪಾರದ ದೊಡ್ಡ ಮನೆತನ. ಮನೆಮಾತು ಅರ್ಧ ಮರಾಠಿ, ಅರ್ಧ ಕನ್ನಡ. ಸಿಟ್ಟು ಬಂದಾಗ ಮರಾಠಿ, ಕೆಲಸ ಆಗಬೇಕಾದಾಗ ಕನ್ನಡ. ಎತ್ತರದ ಆಳು. ಮಾತಾಡಿದರೆ ಓಣಿಯ ಆ ತುದಿಗೆ ಕೇಳಬೇಕು. ವಕೀಲರು ಕೋರ್ಟಿನಲ್ಲಿ ಎಷ್ಟು ಮಾತಾಡುತ್ತಿದ್ದರೋ ನಾನು ನೋಡಿಲ್ಲ, ಮನೆಯಲ್ಲಿ ಮಾತ್ರ ಚಹಾದ ಕಪ್ಪು ಮುಂದೆ ಬಂದಾಗ ತಲೆ ಅಲ್ಲಾಡಿಸುವುದಷ್ಟೇ ಅವರ ಕೆಲಸ. ಅವರಿಗೆ ಮಕ್ಕಳಿರಲಿಲ್ಲ. ತವರಿನಿಂದ ಬಂದ ಒಂದು ಕೈಮಶೀನು ಇತ್ತು. ಅದನ್ನು ಪಡಸಾಲೆಯ ನಡುವೆ ಇಟ್ಟುಕೊಂಡು, ನೆಲದ ಮೇಲೆ ಕಾಲು ಚಾಚಿ ಕೂತು, ಮನಸ್ಸಿಗೆ ಬಂದದ್ದನ್ನು ಹೊಲಿಯುತ್ತಿದ್ದರು.

ಯಾರ ಹತ್ತಿರವೂ ಕಲಿತವರಲ್ಲ. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿರಲಿಲ್ಲ. ಒಮ್ಮೆ ಕಣ್ಣಿನಿಂದ ಅಳೆದು ಕತ್ತರಿ ಹಾಕಿಬಿಡುತ್ತಿದ್ದರು. ನಾನು "ವೈನಿ, ಗೆರಿ ಹಾಕ್ಕೋರಿ" ಎಂದರೆ "ಆಗತೈತಿ ಬಿಡ್ರಿ ಅಕ್ಕೋರ" ಎಂದು ನಗುತ್ತಿದ್ದರು. ಆಗಿಯೇ ಬಿಡುತ್ತಿತ್ತು. ಅದೇ ನನಗೆ ತಡೆಯಲಾಗದ ಸಂಕಟ. ಒಂದಾದರೂ ಕೆಡಬಾರದೇ? ನನ್ನ ಕತ್ತರಿ ಕೇಳಿ ಒಯ್ದರೆ ಸಾಣೆ ಹಿಡಿಸಿ ತಂದುಕೊಡುತ್ತಿದ್ದರು. ಅದಕ್ಕೂ ನನಗೆ ಸಿಟ್ಟು ಬರುತ್ತಿತ್ತು. ನನ್ನ ಕತ್ತರಿ ಮೊಂಡಾಗಿದೆ ಎಂದು ಇವರು ಯಾಕೆ ಹೇಳಬೇಕು?

ಒಮ್ಮೆ ನಮ್ಮ ಮನೆಯವರಿಗೆ ಮಿರಜಿನಲ್ಲಿ ಆಪರೇಶನ್ ಆಯಿತು. ನಾನು ಅಲ್ಲೇ ಇರಬೇಕಾಯಿತು. ಕ್ಲಾಸು ನಿಲ್ಲಬಾರದೆಂದು ವೈನಿ ತಾವಾಗಿಯೇ ಬಂದು ಅಷ್ಟೂ ದಿನ ಹುಡುಗಿಯರನ್ನು ನೋಡಿಕೊಂಡರು. ಇಂಥ ಉಪಕಾರ ಯಾರು ಮಾಡುತ್ತಾರೆ? ನಾನು ವಾಪಸು ಬಂದ ದಿನ ಹುಡುಗಿಯರು ನನ್ನನ್ನು ನೋಡಿ ಮೊದಲು ಕೇಳಿದ ಮಾತು, "ಅಕ್ಕೋರ, ವೈನೀರು ಇನ್ನ ಬರೂದಿಲ್ಲೇನ್ರಿ?"

ಇಷ್ಟೆಲ್ಲ ನುಂಗಿಕೊಂಡಿದ್ದೆ. ನುಂಗಲಾಗದೆ ಉಳಿದದ್ದು ಗೌನಿನ ಸಂಗತಿ.

ನನಗೆ ಒಬ್ಬಳೇ ಮಗಳು, ಶೋಭಾ. ಹುಟ್ಟಿದ ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕುವಾಗ ತಲೆಗೆ ಕಟ್ಟಿದ ಕುಲಾಯಿಯಿಂದ ಹಿಡಿದು ಅವಳ ಮೈಮೇಲೆ ಬೇರೆಯವರು ಹೊಲಿದ ಬಟ್ಟೆ ಬಿದ್ದಿರಲಿಲ್ಲ. ಶಾಲೆಯ ಯುನಿಫಾರ್ಮು, ಪರಕಾರವೆಂಬ ಉದ್ದ ಲಂಗ, ಚೂಡಿದಾರ, ಎಲ್ಲ ನನ್ನ ಕೈಯವು. ನನ್ನ ಮಗಳನ್ನು ನೋಡಿಯೇ ಜನ ನನಗೆ ಬಟ್ಟೆ ಕೊಡುತ್ತಿದ್ದರು. ಎಂಬತ್ತರ ದಶಕದ ನಡುವಿನ ಮಾತು. ಅವಳು ಕಾಲೇಜಿಗೆ ಹೋಗುತ್ತಿದ್ದಳು. ಆ ವರ್ಷದ ಗ್ಯಾದರಿಂಗ್ ಸಮಾರಂಭಕ್ಕೆ ಇಂಗ್ಲಿಷ್ ಕಲಿಸುವ ಸರ್ ಒಂದು ನಾಟಕ ಬರೆದರು. ಇಟಲಿ ದೇಶದ ಹಳೇ ಕಾಲದ ಒಬ್ಬ ರಾಣಿ. ಸ್ವಂತ ತಮ್ಮನೇ ಅವಳನ್ನು ಅರಮನೆಯಿಂದ ಹೊರಗೆ ಹಾಕುತ್ತಾನೆ. ಕೊನೆಯ ದೃಶ್ಯದಲ್ಲಿ ಆ ಹುಕುಮು ಓದುವಾಗ ರಾಣಿ ಒಂದು ಮಾತೂ ಆಡದೆ, ಅಲುಗದೆ ನಿಂತು ಕಣ್ಣೀರು ಹಾಕಬೇಕು. ರಾಣಿಯ ಪಾತ್ರ ಶೋಭಾಗೆ ಬಂತು.

ಸರ್ ಕೊಟ್ಟ ಒಂದು ಚಿತ್ರವನ್ನು ಅವಳು ಮನೆಗೆ ತಂದಳು. ಯಾವುದೋ ವಿಲಾಯತಿ ಕ್ಯಾಲೆಂಡರಿನ ಹಾಳೆ. ಐನೂರು ವರ್ಷದ ಹಿಂದಿನ ಹೆಂಗಸೊಬ್ಬಳು, ಚೌಕದ ಕುತ್ತಿಗೆಯ ಕೆಂಪು ಉಡುಪು, ತೋಳಿನ ಸೀಳುಗಳ ನಡುವೆ ಬಿಳೀ ಬಟ್ಟೆ ಉಬ್ಬಿ ಹೊರಗೆ ಬಂದಿದೆ. ಚಿತ್ರ ಸೊಂಟಕ್ಕೇ ಮುಗಿದಿತ್ತು. ಕೆಳಗೆ ಏನಿತ್ತೋ ದೇವರಿಗೇ ಗೊತ್ತು.

"ಇದೇನ ದೊಡ್ಡ ಮಾತು" ಎಂದೆ. "ಪ್ರಿನ್ಸೆಸ್ ಕಟ್ಟಿಂಗ್ ಮಾಡಿ ಕೆಳಗ ದೊಡ್ಡ ಘೇರ ಕೊಡ್ತೇನಿ. ಹಿಂದ ಉದ್ದಕ ಝಿಪ್ಪ ಹಚ್ಚಿದ್ರ ಮುಗೀತು."

"ಅವ್ವಾ, ಆ ಕಾಲದಾಗ ಝಿಪ್ಪ ಎಲ್ಲಿತ್ತು?"

"ನಿನ್ನ ಬೆನ್ನ ಯಾರ ನೋಡ್ತಾರ? ರಾಣಿ ಜನಕ್ಕ ಬೆನ್ನ ತೋರಸ್ತಾಳೇನ?"

ಶೋಭಾ ಚಿತ್ರವನ್ನು ಮಡಿಚಿಕೊಂಡು ಎದ್ದಳು. ಮರುದಿನ ಬೆಳಿಗ್ಗೆ ನಾನು ಪೇಟೆಗೆ ಹೋಗಿ, ಹೊಳೆಯುವ ಗುಲಾಬಿ ಸಾಟಿನ್ನು ಆರಿಸಿ, ಅದಕ್ಕೊಪ್ಪುವ ಝಿಪ್ಪು ತೆಗೆದುಕೊಂಡು ಬಂದೆ. ಹೊಸ್ತಿಲು ದಾಟುತ್ತಿದ್ದ ಹಾಗೆ ಗೋಡೆಯಾಚೆಯಿಂದ ಆ ದೊಡ್ಡ ದನಿ ಕೇಳಿತು.

"ಶೋಭಾ, ಇದು ಒಂದ ಅರಿವಿ ಅಲ್ಲವಾ. ನಾಕ ಅರಿವಿ ಐತಿ!"

ನಾನು ಕೈಯಲ್ಲಿದ್ದ ಚೀಲ ಕೆಳಗಿಡದೆ ಅಲ್ಲೇ ನಿಂತೆ. ಮಗಳು ಚಿತ್ರವನ್ನು ಒಯ್ದು, ತಾನು ಕಾಕು ಎಂದು ಕರೆಯುವ ವೈನಿಗೆ ಕೊಟ್ಟಿದ್ದಳು. ಹೊಲಿಗೆಯವಳ ಮಗಳು ಹೊಲಿಸಿಕೊಳ್ಳಲು ಪಕ್ಕದ ಮನೆಗೆ ಹೋಗಿದ್ದಳು. ಆ ಹೊತ್ತಿಗೆ ನನಗಾದ ಉರಿಯನ್ನು ಏನೆಂದು ಹೇಳಲಿ? ಅಡಿಗೆ ಮನೆಗೆ ಹೋಗಿ ಗಟಗಟ ನೀರು ಕುಡಿದೆ. ಆ ಸಾಟಿನ್ನು ಮುಂದೆ ದಿಂಬಿನ ಚೀಲಗಳಾಯಿತು.

ಎರಡು ದಿನ ಅತ್ತ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ತಡೆಯಲಾಗಲಿಲ್ಲ. ಮೊಸರಿಗೆ ಹೆಪ್ಪು ಬೇಕೆಂಬ ನೆವ ಹೇಳಿ, ಬಟ್ಟಲು ಹಿಡಿದು ಹೋದೆ. ವೈನಿ ಚಿತ್ರವನ್ನು ನೆಲದ ಮೇಲೆ ಹಾಸಿ, ಮೂಲೆಗಳಿಗೆ ನಾಲ್ಕು ಅಡಕೆ ಇಟ್ಟು, ಅದರ ಮೇಲೆ ಬಗ್ಗಿದ್ದರು.

"ಬರ್ರಿ ಅಕ್ಕೋರ, ನೀವ ಬೇಕಿತ್ತು. ನೋಡ್ರಿಲ್ಲೆ. ಒಳಗೊಂದ ಬಿಳೇ ಅಂಗಿ. ಮ್ಯಾಲ ಬಿಗಿ ಕುಪ್ಪಸ. ಕೆಳಗ ಪರಕಾರ. ತೋಳ ಬ್ಯಾರೇನ ಅದಾವ್ರಿ, ಹೆಗಲಿಗೆ ದಾರಲೆ ಕಟ್ಟೂವು. ಆ ದಾರದ ಗಂಟ ಕಾಣಸ್ತೈತಿ ನೋಡ್ರಿ."

ಕಾಣುತ್ತಿತ್ತು. ನಾನೂ ಅದೇ ಚಿತ್ರ ನೋಡಿದ್ದೆ, ಆದರೆ ಗಂಟು ನೋಡಿರಲಿಲ್ಲ. ನಾನು ನೋಡಿದ್ದು ಎಲ್ಲಿ ಝಿಪ್ಪು ಹಾಕಲಿ ಎಂಬುದನ್ನು ಮಾತ್ರ.

"ಅರಿವಿ ಎಲ್ಲಿಂದ ತರ್ತೀರಿ?" ಎಂದೆ.

ಅವರು ಎದ್ದು ಪೆಟ್ಟಿಗೆ ತೆಗೆದು ತಮ್ಮ ಮದುವೆಯ ಶಾಲು ಹೊರಗೆ ತಂದರು. ಮದುಮಗಳು ಉಟ್ಟುಕೊಳ್ಳುವ ಬನಾರಸಿನ ಜರಿ ಸೀರೆ, ಒಣಗಿದ ಕುಂಕುಮದ ಬಣ್ಣ. ಮಡಿಕೆಯ ಮೇಲೆ ಅಲ್ಲಲ್ಲಿ ಸೀಳಿತ್ತು.

"ಪೆಟ್ಟಿಗ್ಯಾಗ ಇದ್ದಲ್ಲೇ ಸೀಳಾಕತ್ತೈತಿ ನೋಡ್ರಿ. ಒಂದ ದಿನ ರಾಣಿ ಮೈಮ್ಯಾಲ ಇರಲಿ" ಎಂದು ಹೇಳಿ, ಗೆರೆ ಇಲ್ಲ, ಗುರುತಿಲ್ಲ, ಕತ್ತರಿ ಹಾಕಿದರು. ಮದುವೆಯ ಶಾಲಿಗೆ! ಪರರ ಮಗಳ ಒಂದು ಸಂಜೆಯ ನಾಟಕಕ್ಕೆ! ನಾನು ಹೆತ್ತವಳು, ಸಾಟಿನ್ನು ತಂದಿದ್ದೆ. ಹೆಪ್ಪು ತೆಗೆದುಕೊಳ್ಳುವುದನ್ನೇ ಮರೆತು ಬರಿಗೈಯಲ್ಲಿ ಮನೆಗೆ ಬಂದೆ.

ಆಮೇಲೆ ದಿನವೂ ಏನಾದರೊಂದು ನೆವ ಹುಡುಕಿಕೊಂಡು ಹೋಗಿ ನೋಡುತ್ತಿದ್ದೆ. ಒಳ್ಳೆಯದಾಗಲಿ ಎಂದು ನೋಡಲು ಹೋಗುತ್ತಿದ್ದೆ ಎಂದರೆ ಯಾರೂ ನಂಬಬೇಡಿ. ಒಳಗಿನ ಬಿಳೀ ಅಂಗಿಗೆ ವಕೀಲರ ಧೋತರ ಹೋಯಿತು. ಅವರು ಒಂದು ಬೆಳಿಗ್ಗೆ ಎಲ್ಲ ಕಡೆ ಹುಡುಕಿ, ಕೊನೆಗೆ ಮಶೀನಿನ ಕೆಳಗೆ ಅದರ ಅಂಚು ನೋಡಿ, ಸುಮ್ಮನೆ ಇನ್ನೊಂದು ಉಟ್ಟುಕೊಂಡು ಕೋರ್ಟಿಗೆ ಹೋದರಂತೆ. ಕುಪ್ಪಸ ಹಲಗೆಯಂತೆ ಸೆಟೆದು ನಿಲ್ಲಬೇಕಲ್ಲ, ಅದಕ್ಕೆ ನಾನಾಗಿದ್ದರೆ ಬಕ್ರಂ ಹಾಕುತ್ತಿದ್ದೆ. ವೈನಿ ಹಾಕಿದ್ದು ಕೌದಿಯ ಹೊಲಿಗೆ. ನಮ್ಮ ಅಜ್ಜಿಯರು ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಹೊದೆಯಲು ಕೌದಿ ಹೊಲಿಯುತ್ತಿದ್ದರಲ್ಲ, ಹಾಗೆಯೇ ಶಾಲಿನ ಕೆಳಗೆ ಹಳೇ ಧೋತರದ ಪದರಗಳನ್ನಿಟ್ಟು, ಗುಬ್ಬಿ ಹೆಜ್ಜೆಯಂತೆ ಒತ್ತೊತ್ತಾಗಿ ಕೈಯಿಂದ ಹೊಲಿದರು. ಬಟ್ಟೆ ತಾನಾಗಿಯೇ ನಿಂತುಕೊಂಡಿತು. ಪರಕಾರದ ಅಂಚಿಗೆ ತವರಿನಿಂದ ತಂದ, ತಂಬಾಕಿನ ಮೂಟೆ ಕಟ್ಟುವ ಹುರಿ ಸೇರಿಸಿದರು. ಘೇರು ಕಾಲಿಗೆ ಸುತ್ತಿಕೊಳ್ಳದೆ ದೂರ ನಿಂತಿತು.

ತೋಳುಗಳಿಗೆ ಖಣ ಹಾಕಿದರು. ನಮ್ಮ ಕಡೆ ಯಾರ ಮನೆಗೆ ಹೋದರೂ ಹೆಂಗಸರಿಗೆ ಉಡಿ ತುಂಬುತ್ತಾರೆ, ಉಡಿಯೊಳಗೆ ಒಂದು ಖಣ, ಜಂಪರಿನ ಬಟ್ಟೆ, ಬರುತ್ತದೆ. ಅದನ್ನು ಯಾರೂ ಹೊಲಿಸುವುದಿಲ್ಲ. ಪೆಟ್ಟಿಗೆಯಲ್ಲಿಟ್ಟು ಮುಂದಿನವರ ಉಡಿಗೆ ಹಾಕುತ್ತಾರೆ. ಹೀಗೆ ಒಂದೇ ಖಣ ಅಥಣಿ, ರಾಯಬಾಗ, ಕಾಗವಾಡ ಎಲ್ಲ ತಿರುಗಿ ಬರುತ್ತದೆ. ವೈನಿ ತಮ್ಮ ಪೆಟ್ಟಿಗೆಯಲ್ಲಿದ್ದ ಅಷ್ಟನ್ನೂ ತೆಗೆದು ಪಟ್ಟಿಪಟ್ಟಿಯಾಗಿ ಕತ್ತರಿಸಿ, ನಡುವೆ ಬಿಳೀ ಅಂಗಿ ಉಬ್ಬುವಷ್ಟು ಸಂದು ಬಿಟ್ಟು ಜೋಡಿಸಿದರು. ಅದರಲ್ಲೊಂದು ಗಿಳಿಹಸಿರು ಖಣ ನಾನೇ ಅವರ ಉಡಿಗೆ ಹಾಕಿದ್ದು. ಅದನ್ನೇ ಬೆರಳಿನಿಂದ ತೋರಿಸಿ "ಇದ ಎಲ್ಲಕಿಂತ ಛಲೋ ಕೂತೈತ್ರಿ" ಎಂದರು.

ತೋಳು ಸರಿಯಾಗಿ ಜೋತು ಬೀಳುತ್ತದೋ ಇಲ್ಲವೋ ನೋಡಬೇಕಿತ್ತು. ಶೋಭಾ ಕಾಲೇಜಿನಲ್ಲಿದ್ದಳು. ಕಟ್ಟೆಯ ಮೇಲೆ ಪಾಲಬಾವಿಯ ಕಡೆಯ ರೈತನೊಬ್ಬ ಹೊಲದ ಖಟ್ಲೆಗಾಗಿ ವಕೀಲರ ದಾರಿ ನೋಡುತ್ತ ಕೂತಿದ್ದ. "ಏಳ್ರಿ ಯಜಮಾನ್ರ, ಕೈ ಚಾಚ್ರಿ" ಎಂದರು. ದಪ್ಪ ಮೀಸೆಯ ಆ ಮನುಷ್ಯ ರುಮಾಲು ಸರಿಮಾಡಿಕೊಂಡು ಎರಡೂ ಕೈ ಚಾಚಿ ನಿಂತ. ಇಟಲಿಯ ರಾಣಿಯ ತೋಳುಗಳನ್ನು ಅವನ ಹೆಗಲಿಗೆ ಕಟ್ಟಿ, ವೈನಿ ಸುತ್ತ ತಿರುಗಿ ನೋಡಿದರು.

"ಬಾಯಾರ, ಹಿಂಗ ನಿಂತ್ರ ನನ್ನ ಕೇಸ ಆಗತೈತೇನ್ರಿ?" ಎಂದು ಅವನು ಕೇಳಿದ.

"ಆಗತೈತಿ ಬಿಡ್ರಿ. ಕೈ ಅಲ್ಲಾಡಸಬ್ಯಾಡ್ರಿ."

ನಾನು ನಗಬಾರದೆಂದು ತುಟಿ ಕಚ್ಚಿ ಹಿಡಿದೆ. ನಗಿಸುವುದನ್ನೂ ಅವರೇ ಕಲಿತಿದ್ದರು. ನನ್ನ ಕ್ಲಾಸಿನಲ್ಲಿ ಹುಡುಗಿಯರು ನಕ್ಕರೆ ನಾನು ಸ್ಕೇಲಿನಿಂದ ಮೇಜು ಬಡಿಯುತ್ತಿದ್ದೆ.

ಗೌನು ಮುಗಿಯುವ ಹೊತ್ತಿಗೆ ಸಂಕ್ರಾಂತಿ ಬಂದಿತ್ತು. ಅವರ ತವರಿನಲ್ಲಿ ಒಂದು ಪದ್ಧತಿ ಇತ್ತಂತೆ. ಕೌದಿ ಹೊಲಿದು ಮುಗಿಸುವಾಗ ಕಡೆಯ ಮೂಲೆಯೊಳಗೆ ಒಣಗಿದ ರೊಟ್ಟಿಯ ಚೂರೊಂದನ್ನು ಇಟ್ಟು ಹೊಲಿದುಬಿಡುತ್ತಾರೆ. ಹಸಿದ ಬಟ್ಟೆಯನ್ನು ಮೈಮೇಲೆ ಹೊದೆಯಬಾರದಂತೆ. ಗೌನಿನ ಕುಪ್ಪಸವೂ ಕೌದಿಯೇ ಅಲ್ಲವೇ, ಅದಕ್ಕೂ ಆಗಬೇಕು. ಸೊಂಟದ ಹತ್ತಿರ ಒಂದು ಬೆರಳಗಲ ಹೊಲಿಯದೆ ಬಿಟ್ಟಿದ್ದರು. ರೊಟ್ಟಿಯ ಚೂರು ತರಲು ಒಳಗೆ ಹೋದವರು ತಿರುಗಿ ಬಂದಾಗ ಕೈಯಲ್ಲಿ ಇದ್ದದ್ದು ಶೇಂಗಾ ಹೋಳಿಗೆ.

"ರಾಣಿಗೆ ರೊಟ್ಟಿ ಇಡೂದ ಹೆಂಗ್ರಿ? ಹಬ್ಬದ ಹೋಳಿಗಿ ಐತಿ, ಅದನ್ನ ಇಡೂಣು."

ಬೆಲ್ಲ ತುಂಬಿದ ಹೋಳಿಗೆಯ ಚೂರನ್ನು ಕುಪ್ಪಸದ ಸೊಂಟದೊಳಗೆ ತುರುಕಿ ಹೊಲಿದು, ಹಲ್ಲಿನಿಂದ ದಾರ ಕಡಿದರು. ಮುಂದೆ ಏನಾಗಬಹುದೆಂದು ನನಗೂ ಹೊಳೆಯಲಿಲ್ಲ. ಹೊಳೆದಿದ್ದರೆ ಖಂಡಿತ ಹೇಳುತ್ತಿದ್ದೆ. ವೈನಿಗೆ ತಪ್ಪು ತೋರಿಸುವ ಅಂಥ ಅವಕಾಶವನ್ನು ನಾನು ಬಿಡುವವಳೇ?

ಶೋಭಾ ಅದನ್ನು ಮೊದಲ ಸಲ ತೊಟ್ಟದ್ದು ವೈನಿಯ ಪಡಸಾಲೆಯಲ್ಲಿ. ಬೆನ್ನಿನ ಉದ್ದಕ್ಕೂ ತೂತುಗಳು, ಒಂದೊಂದಕ್ಕೂ ಕೈಯಿಂದ ಅಂಚು ಕಟ್ಟಿತ್ತು. ಅವುಗಳೊಳಗಿಂದ ದಾರ ಪೋಣಿಸಿ ವೈನಿ ಬಿಗಿಯುತ್ತ ಹೋದ ಹಾಗೆ ನನ್ನ ಮಗಳ ಬೆನ್ನು ನೆಟ್ಟಗಾಯಿತು, ಗದ್ದ ಮೇಲೆದ್ದಿತು. ಬಸ್ ಸ್ಟ್ಯಾಂಡಿನಲ್ಲಿ ಪುಸ್ತಕ ಎದೆಗವಚಿಕೊಂಡು ಕುಗ್ಗಿ ನಿಲ್ಲುತ್ತಿದ್ದ ಹುಡುಗಿ ಅವಳು. ಅವಳು ನನಗಿಂತ ಎತ್ತರವಾಗಿದ್ದಾಳೆಂದು ನನಗೆ ಗೊತ್ತಾದದ್ದು ಆವತ್ತು, ಅಲ್ಲಿ. ಹದಿನೆಂಟು ವರ್ಷ ಅವಳ ಮೈಯ ಅಳತೆ ತೆಗೆದವಳು ನಾನು. ಈ ಎತ್ತರ ನನ್ನ ಟೇಪಿಗೆ ಯಾಕೆ ಸಿಗಲಿಲ್ಲ ಎಂದು ಹೊಟ್ಟೆ ಉರಿಯಿತು.

"ಹೆಂಗ ಕಾಣಾಕತ್ತೇನಿ ಅವ್ವಾ?" ಎಂದಳು.

"ಉದ್ದ ಆತೇನೋ" ಎಂದೆ. ಉದ್ದವಾಗಿರಲಿಲ್ಲ.

ಗ್ಯಾದರಿಂಗಿನ ಹಿಂದಿನ ದಿನವೇ ಗೌನನ್ನು ಕಾಲೇಜಿಗೆ ಒಯ್ದು ಬಣ್ಣ ಹಚ್ಚುವ ಕೋಣೆಯಲ್ಲಿ ಮೊಳೆಗೆ ತೂಗುಹಾಕಿದ್ದರು. ಮರುದಿನ ಸಂಜೆ ಮೈದಾನ ತುಂಬಿತ್ತು. ನಾನು, ನಮ್ಮ ಮನೆಯವರು, ವಕೀಲರು, ವೈನಿ ಮುಂದಿನ ಸಾಲಿನಲ್ಲಿ ಕೂತಿದ್ದೆವು. ಪರದೆ ಸರಿದು ಶೋಭಾ ಒಳಗೆ ಬಂದಾಗ ಮೈದಾನವೆಲ್ಲ "ಓ" ಎಂದಿತು. ನಮ್ಮ ಮನೆಯವರು ನನ್ನನ್ನು ದಾಟಿ ಬಗ್ಗಿ "ವೈನಿ, ಕಮಾಲ್ ಮಾಡೀರಿ" ಎಂದರು. ಗಂಡ ಕೂಡ!

ಕೊನೆಯ ದೃಶ್ಯ ಬಂತು. ತಾಲೀಮಿನಲ್ಲಿ ಶೋಭಾಗೆ ಇಲ್ಲಿ ಕಣ್ಣೀರೇ ಬರುತ್ತಿರಲಿಲ್ಲವಂತೆ. ಉಳ್ಳಾಗಡ್ಡಿ ಹಚ್ಚಿದರೂ ಆಗಿರಲಿಲ್ಲವೆಂದು ಸರ್ ಬೇಜಾರಾಗಿದ್ದರು. ರಾಜನ ಆಳು ಹುಕುಮು ಓದತೊಡಗಿದ. ಶೋಭಾ ಅಲುಗದೆ ನಿಂತಳು. ಸ್ವಲ್ಪ ಹೊತ್ತಿಗೆ ಅವಳ ಕಣ್ಣಿನಿಂದ ನೀರು ದಳದಳ ಇಳಿಯಿತು. ತುಟಿ ನಡುಗಿತು. ಕುತ್ತಿಗೆಯ ನರಗಳು ಎದ್ದು ನಿಂತವು. ಜನ ಉಸಿರು ಹಿಡಿದು ಕೂತರು. ಹಿಂದೆ ಯಾರೋ ಮುದುಕಿ "ಪಾಪ ನನ್ನ ಕೂಸ" ಎಂದು ಅತ್ತಳು. ನನ್ನ ಕಣ್ಣು ಮಾತ್ರ ಮಗಳ ಕೈಮೇಲಿತ್ತು. ಅವಳ ಬೆರಳುಗಳು ಸೊಂಟದ ಹೊಲಿಗೆಯನ್ನು ಹಿಡಿದು ಹಿಂಡುತ್ತಿದ್ದವು. ಬಟ್ಟೆಯೊಳಗೆ ಏನೋ ಆಗಿದೆ ಎಂದು ನನಗೆ ಗೊತ್ತಾಗಿ ಹೋಯಿತು.

ಪರದೆ ಬಿದ್ದ ಕೂಡಲೇ ಓಡಿದೆ.

"ಅವ್ವಾ, ಲಗೂ ಬಿಚ್ಚವಾ, ಇರವಿ! ಇರವಿ!"

ದಾರ ಬಿಗಿಯಾಗಿ ಕೂತಿತ್ತು. ಒಂದೊಂದೇ ತೂತಿನಿಂದ ಹಿಂದಕ್ಕೆ ಎಳೆಯಬೇಕು. "ನೋಡಿದಿ? ಝಿಪ್ಪ ಇದ್ದಿದ್ರ ಒಮ್ಮೆ ಜಗ್ಗಿದ್ರ ಮುಗೀತಿತ್ತು" ಎಂದೆ. ಆ ಹೊತ್ತಿನಲ್ಲೂ ಹೇಳದೆ ಇರಲಾಗಲಿಲ್ಲ. ಬಿಚ್ಚಿ ನೋಡಿದರೆ ಸೊಂಟದ ಸುತ್ತ ಮೈಯೆಲ್ಲ ಬಾತು ಕೆಂಪಗಾಗಿತ್ತು. ಹೋಳಿಗೆ ಇಟ್ಟ ಜಾಗದಲ್ಲಿ ಕೆಂಪಿರುವೆಗಳ ಜಾತ್ರೆ. ನಾನು ಹೊಲಿಗೆ ಹರಿದು ಆ ಚೂರನ್ನು ಹೊರಗೆ ತೆಗೆದೆ.

"ತಡಿ, ಈಗ ಕರೀತೇನಿ ನಿಮ್ಮ ಕಾಕೂನ್ನ. ಬಂದ ನೋಡ್ಲಿ."

ಶೋಭಾ ನನ್ನ ಕೈ ಹಿಡಿದುಕೊಂಡಳು. "ಬ್ಯಾಡ ಅವ್ವಾ. ಪ್ರೀತಿಲೆ ಇಟ್ಟಾರ. ಗೊತ್ತಾದ್ರ ಭಾಳ ಕೆಟ್ಟ ಅನಸ್ತೈತಿ ಅವರಿಗೆ. ಹೇಳಿದ್ರ ನನ್ನ ಆಣಿ ಐತಿ ನೋಡ."

ನಾನು ಹೊಲಿದ ಜಂಪರಿನ ಕಂಕುಳು ಒಂದು ಎಳೆ ಬಿಗಿಯಾದರೂ ಮನೆ ತಲೆಮೇಲೆ ಹೊತ್ತುಕೊಳ್ಳುತ್ತಿದ್ದ ಹುಡುಗಿ ಇವಳು. ಈಗ ಮೈಯೆಲ್ಲ ಕಚ್ಚಿಸಿಕೊಂಡು ಹೊಲಿದವರ ಮನಸ್ಸು ಕಾಯುತ್ತಿದ್ದಳು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ವೈನಿ ಬಂದರು. "ನನ್ನ ರಾಣಿ!" ಎಂದು ಅವಳನ್ನು ಬಾಚಿ ತಬ್ಬಿಕೊಂಡರು. ಬಿಳೀ ಅಂಗಿಯೊಳಗಿನ ಬಾತ ಮೈಯನ್ನು ಅವರ ತೋಳಿಗೆ ಕೊಟ್ಟು ಶೋಭಾ ನಗುತ್ತ ನಿಂತಳು. ಹೋಳಿಗೆಯ ಚೂರು ನನ್ನ ಮುಷ್ಟಿಯಲ್ಲಿತ್ತು. ಅದರ ಇರುವೆಗಳು ಈಗ ನನ್ನ ಅಂಗೈ ಕಚ್ಚತೊಡಗಿದ್ದವು.

"ಹೆಂಗಿತ್ರಿ ಅಕ್ಕೋರ?" ಎಂದು ವೈನಿ ಕೇಳಿದರು.

"ಛಲೋ ಇತ್ರಿ ವೈನಿ" ಎಂದೆ.

ಶೋಭಾಗೆ ಮೊದಲ ಬಹುಮಾನ ಬಂತು. ಗೌನಿನ ಸುದ್ದಿ ನಿಪ್ಪಾಣಿ, ರಾಯಬಾಗದವರೆಗೂ ಹೋಯಿತು. ಹುಡುಗಿಯ ತಾಯಿ ಹೊಲಿಗೆಯವಳು ಎಂದು ಗೊತ್ತಿದ್ದ ಜನ ನೇರವಾಗಿ ನನ್ನ ಬಾಗಿಲಿಗೇ ಬರುತ್ತಿದ್ದರು. "ಆ ರಾಣಿ ಗೌನು ಹೊಲದವ್ರು ನೀವ ಅಲ್ರಿ?" ಎನ್ನುತ್ತಿದ್ದರು. ಬಂದವರಿಗೆಲ್ಲ ನಾನು ನನ್ನ ಬಾಯಿಂದಲೇ "ಅಲ್ರಿ, ಆ ಕಡೆ ಮನಿ" ಎಂದು ಬೆರಳು ತೋರಿಸಬೇಕಾಗುತ್ತಿತ್ತು. ಅವರು ಅಲ್ಲಿಗೆ ಹೋದರೆ ವೈನಿ "ನಾ ಏನ ಟೇಲರೇನ್ರಿ? ಅಕ್ಕೋರ ಕಡೆ ಹೋಗ್ರಿ, ಕಲತವ್ರು ಅದಾರ" ಎಂದು ತಿರುಗಿ ನನ್ನಲ್ಲಿಗೇ ಕಳಿಸುತ್ತಿದ್ದರು. ಅವರು ಬೇಡವೆಂದ ಕೆಲಸದಿಂದ ಆ ವರ್ಷ ನನ್ನ ಮಶೀನು ಬಿಡುವಿಲ್ಲದೆ ನಡೆಯಿತು. ಇದಕ್ಕೆ ಕೃತಜ್ಞತೆ ಪಡುವುದೋ, ಅಳುವುದೋ?

ಪ್ರತಿ ಸಂಕ್ರಾಂತಿಗೆ ಎಳ್ಳು ಬೀರಲು ಬಂದವರ ಮುಂದೆಲ್ಲ ವೈನಿ ಹೇಳುತ್ತಿದ್ದರು: "ಆ ಕುಪ್ಪಸದಾಗ ಒಂದ ಚೂರ ಹೋಳಿಗಿ ಇಟ್ಟಿದ್ನಿರಿ. ಅದ ನೋಡ್ರಿ ನಾಟಕ ಗೆಲ್ಲಿಸಿದ್ದು!" ನಾನು ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು ಸುಮ್ಮನಿರುತ್ತಿದ್ದೆ. ಹೋಳಿಗೆಯೇ ಗೆಲ್ಲಿಸಿದ್ದು ನಿಜ. ಅವರ ತಪ್ಪು ಕೂಡ ಸೋಲುತ್ತಿರಲಿಲ್ಲ. ಇರುವೆಗಳ ಸಂಗತಿ ಹೇಳಬೇಕೆಂದು ನನ್ನ ನಾಲಿಗೆ ಎಷ್ಟು ಸಲ ತುರಿಸಿತೋ. ಶೋಭಾ ಕೂತಲ್ಲಿಂದಲೇ ನನ್ನನ್ನು ನೋಡುತ್ತಿದ್ದಳು. ಮಗಳ ಆಣೆ, ಏನು ಮಾಡಲಿ.

ತೊಂಬತ್ತರ ಹೊತ್ತಿಗೆ ಶೋಭಾಗೆ ಸಾಂಗಲಿಯ ಕಡೆಯ ಸಂಬಂಧ ಗಟ್ಟಿಯಾಯಿತು. ಬೀಗರ ಕಡೆಯ ಹೆಂಗಸರ ಜಂಪರು, ನಮ್ಮ ಕಡೆಯವರದು, ಎಲ್ಲ ನಾನೇ ಹೊಲಿದೆ. ಮದುಮಗಳದನ್ನು ಮಾತ್ರ ಕಾಕು ಹೊಲಿಯಲಿ ಎಂದಳು. "ನಿನಗ ಭಾಳ ಕೆಲಸ ಆಗತೈತಿ ಅವ್ವಾ" ಎಂದು ಮೆತ್ತಗೆ ಹೇಳಿದಳು. ಮೆತ್ತಗೆ ಹೇಳಿದ್ದೇ ಹೆಚ್ಚು ನೋಯಿತು. ಮದುವೆಯ ದಿನ ಬೀಗತಿಯೊಬ್ಬರು ಆ ಜಂಪರಿನ ತೋಳು ಮುಟ್ಟಿ ನೋಡಿ, "ಅವ್ವ ಹೊಲಿಗಿ ಕಲಸ್ತಾರಲ್ಲ, ಅವ್ವನ ಹೊಲದಿರಬೇಕು" ಎಂದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ವೈನಿಯ ದನಿ ಬಂತು.

"ಹೌದ್ರಿ, ಅವ್ವನ ಹೊಲದಾಳ. ಮಗಳದು ಬ್ಯಾರೇದವ್ರು ಹೊಲಿಯೂದುಂಟೇನ್ರಿ?"

ಒಬ್ಬರ ಮೇಲೆ ಹೊಟ್ಟೆಕಿಚ್ಚು ಪಡುವಾಗ ಅವರು ಸ್ವಲ್ಪವಾದರೂ ಕೆಟ್ಟವರಾಗಿರಬೇಕು. ವೈನಿ ಅಷ್ಟೂ ಅನುಕೂಲ ಮಾಡಿಕೊಡಲಿಲ್ಲ. ಆವತ್ತು ನಾನು ಅಡಿಗೆಯವರ ಕಡೆ ಹೋಗಿ, ಒಲೆಯ ಹೊಗೆಯಲ್ಲಿ ನಿಂತು, ಹೊಗೆಗೆ ಬಂದ ಕಣ್ಣೀರು ಎಂದು ಎಲ್ಲರಿಗೂ ಹೇಳಿದೆ.

ಆಮೇಲಿನ ವರ್ಷಗಳಲ್ಲಿ ಶೋಭಾ ತವರಿಗೆ ಬಂದರೆ ಚೀಲ ನಮ್ಮ ಮನೆಯಲ್ಲಿಟ್ಟು ಚಹಾ ಅಲ್ಲಿ ಕುಡಿಯುತ್ತಿದ್ದಳು. ರೆಡಿಮೇಡ್ ಬಟ್ಟೆ ಬಂದು ನನ್ನ ಕ್ಲಾಸು ಬಡವಾಯಿತು. ಮಗಳು ನನಗೆ ಏನನ್ನೂ ಹೊಲಿಯಲು ಹೇಳಲಿಲ್ಲ. ನಾನೂ "ಕೊಡವಾ, ಹೊಲದ ಕೊಡ್ತೇನಿ" ಎನ್ನಲಿಲ್ಲ. ನಾನಾಗಿ ಕೇಳಿ ಹೊಲಿದರೆ ಅದು ಬೇರೆ. ಅವಳಾಗಿ ಬಂದು ಕೇಳಬೇಕು ಎಂಬ ಹಟ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ವೈನಿಗೆ ಕಾಯಿಲೆಯಾಯಿತು. ಆ ಎತ್ತರದ ಮೈ ಕರಗುತ್ತ ಹೋಯಿತು. ದನಿ ಮಾತ್ರ ಕೊನೆಯವರೆಗೂ ಗೋಡೆ ದಾಟಿ ಬರುತ್ತಿತ್ತು. ನಾನು ದಿನಾ ಗಂಜಿ ಒಯ್ದು ಕೊಡುತ್ತಿದ್ದೆ. "ಉಪ್ಪ ಕಡಿಮಿ ಆಗೇತ್ರಿ" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಆ ದನಿ ಬರಲಿಲ್ಲ.

ಮುತ್ತೈದೆಯಾಗಿ ಹೋದರು. ನಿಪ್ಪಾಣಿಯಿಂದ ಬಂದ ಅಣ್ಣತಮ್ಮಂದಿರ ಹೆಂಡಂದಿರು ಮೈ ತೊಳೆಸಿ ಹಸಿರು ಸೀರೆ ತೆಗೆದಿಟ್ಟಿದ್ದರು. ಹಳೆಯ ಜಂಪರುಗಳನ್ನು ಹಾಕಿ ನೋಡಿದರೆ ಒಂದೂ ಮೈಗೆ ನಿಲ್ಲುತ್ತಿರಲಿಲ್ಲ, ಜೋತು ಬೀಳುತ್ತಿದ್ದವು. ಅವರಲ್ಲಿ ಹಿರಿಯಳೊಬ್ಬಳು ಹೊಸ ಖಣ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

"ಅಕ್ಕೋರ, ಲಗೂನ ಒಂದ ಹೊಲದ ತರ್ತೀರೇನ್ರಿ? ಅಳತಿಗೆ ಹಳೇದ ಒಂದ ಕೊಡ್ಲಿ?"

"ಬ್ಯಾಡ್ರಿ" ಎಂದೆ.

ಇಷ್ಟು ವರ್ಷ ಅವರು ನನ್ನ ಹತ್ತಿರ ಏನನ್ನೂ ಹೊಲಿಸಿಕೊಂಡಿರಲಿಲ್ಲ, ನಾನು ಒಮ್ಮೆಯೂ ಅವರಿಗೆ ಟೇಪು ಹಿಡಿದಿರಲಿಲ್ಲ. ಆದರೆ ಪ್ರೀತಿಯಿಂದ ನೋಡಿದವರಿಗಿಂತ ಹೆಚ್ಚು ನಾನು ಅವರನ್ನು ನೋಡಿದ್ದೆ. ಹೆಗಲೆಷ್ಟು, ತೋಳೆಷ್ಟು, ಕಾಯಿಲೆಯಲ್ಲಿ ಯಾವ ತಿಂಗಳಿಗೆ ಎಷ್ಟು ಇಳಿದರು, ಎಲ್ಲ ನನಗೆ ಗೊತ್ತಿತ್ತು. ಮನೆಗೆ ಬಂದು, ಗೆರೆ ಹಾಕದೆ ಕತ್ತರಿಸಿದೆ. ಬದುಕಿನಲ್ಲಿ ಮೊದಲ ಸಲ. ಸಮಾಧಾನವಾಗದೆ ತೋಳಿನ ಅಂಚನ್ನು ಕೈಯಿಂದ ಹೊಲಿದೆ. ಹೊರಗೆ "ಆತೇನ್ರಿ, ಆತೇನ್ರಿ" ಎಂದು ಅವಸರ ಮಾಡುತ್ತಿದ್ದರು. ಯಾರ ಅವಸರಕ್ಕೂ ಬಗ್ಗಲಿಲ್ಲ. ನಾನು ಹೊಲಿದದ್ದರಲ್ಲಿ ಅಷ್ಟು ಚೆನ್ನಾಗಿ ಕೂತದ್ದು ಅದೊಂದೇ. ಒಂದು ನೆರಿಗೆ ಇರಲಿಲ್ಲ, ಒಂದು ಎಳೆ ಬಿಗಿ ಇರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಶೋಭಾ ಬಂದಳು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ದಾಟಿಕೊಂಡು ಒಳಗೆ ಓಡಿದಳು. ವೈನಿಯ ಮೇಲೆ ಬಿದ್ದು ಅತ್ತಳು. ಅಷ್ಟು ಅಳುವನ್ನು ನನಗೂ ಮುಂದೆ ಉಳಿಸಿದ್ದಾಳೋ ಇಲ್ಲವೋ ಎಂದು ನಾನು ಯೋಚಿಸಿದೆ. ಆ ಹೊತ್ತಿಗೆ ನನಗೆ ಬಂದ ಯೋಚನೆ ಅದು, ಸುಳ್ಳು ಯಾಕೆ ಹೇಳಲಿ. ಅತ್ತು ಸಾಕಾಗಿ ಎದ್ದು ಕೂತವಳು ಅವರ ತೋಳನ್ನು ಸವರಿದಳು. ಕೈ ಅಂಚಿನ ಹೊಲಿಗೆಯ ಮೇಲೆ ನಿಂತಿತು.

"ಇದನ್ನ ಯಾರ ಹೊಲದ್ರು?"

"ನಿಮ್ಮವ್ವ" ಎಂದರು ಯಾರೋ.

ಶೋಭಾ ತಲೆಯೆತ್ತಿ ನನ್ನನ್ನು ನೋಡಿದಳು. ಗೌನಿನ ಚಿತ್ರ ಮಡಿಚಿಕೊಂಡು ಎದ್ದುಹೋದ ದಿನದಿಂದ ಅವಳು ನನ್ನ ಹೊಲಿಗೆಯನ್ನು ಹೀಗೆ ನೋಡಿ ನನ್ನ ಮುಖ ನೋಡಿರಲಿಲ್ಲ. ಹೆಣ ಮುಂದಿದೆ, ಸುತ್ತ ಹೆಂಗಸರು ಅಳುತ್ತಿದ್ದಾರೆ, ನಾನು ಪರೀಕ್ಷೆ ಬರೆದ ಹುಡುಗಿಯ ಹಾಗೆ ಗೋಡೆ ಹಿಡಿದು ನಿಂತಿದ್ದೇನೆ.

"ಕಾಕೂ ನೋಡಿದ್ರ ಭಾಳ ಖುಷಿ ಪಡ್ತಿದ್ರು ಅವ್ವಾ" ಎಂದಳು.

ಕಾಕು ಖುಷಿಪಡುತ್ತಿದ್ದರಂತೆ. ಮತ್ತೆ ನೀನು? ಎಂದು ಬಾಯಿಗೆ ಬಂದಿತ್ತು. ಹೆಣದ ಮುಂದೆ ಕೇಳುವ ಮಾತಲ್ಲವೆಂದು ಸುಮ್ಮನಾದೆ. ಅವರನ್ನು ಎತ್ತಿಕೊಂಡು ಹೋದರು, ಮನೆ ತೊಳೆದರು, ಶೋಭಾ ಸಾಂಗಲಿಯ ಬಸ್ಸು ಹತ್ತಿ ಹೋದಳು. ಆಮೇಲೆ ಎಷ್ಟೋ ಸಲ ಬಂದು ಹೋಗಿದ್ದಾಳೆ. ನಾನು ಇನ್ನೂ ಕೇಳಿಲ್ಲ.